ಜನವಾಡದ ಏರು

ಪರ್ರ್ ಎಂದು ಬಟ್ಟೆ ಹರಿಯುವ ಸದ್ದು, ಅಂಗಳದಲ್ಲಿ ಅತ್ತೆ ಹಸಿರು ಅಂಚಿನ ಹಳೆಯ ಸೀರೆಯಲ್ಲಿ ಉಳಿದದ್ದನ್ನು ಹರಿಯುತ್ತಿದ್ದಾರೆ, ಬೇವಿನೆಣ್ಣೆಯ ಕಮಟು ಅಡುಗೆಮನೆಯವರೆಗೂ ಬಂದಿದೆ, ತೊಗರಿ ರಾಶಿ ಮುಗಿದು ಚೀಲಗಳು ಮನೆಗೆ ಬಂದವೆಂದರೆ ಔರಾದದ ಈ ಮನೆಯಲ್ಲಿ ಇದೇ ಕೆಲಸ, ಚಿಂದಿಯನ್ನು ಬೇವಿನೆಣ್ಣೆಯಲ್ಲಿ ಅದ್ದಿ ಕಂಡ ಕಂಡ ತೂತಿಗೆ ತುರುಕುವುದು, ಇಲಿ ಬರದಂತೆ — ಬಚ್ಚಲ ಕಿಂಡಿ, ಬಾಗಿಲ ಸಂದು, ಗೋಡೆಯ ಬಿರುಕು — ಅಂದರೆ ಇವತ್ತು ಎಲ್ಲ ದಿನಗಳಂಥ ದಿನ, ನಿನ್ನೆ ಶಿವಗಣಾರಾಧನೆ ಮುಗಿಯಿತು, ನೆಂಟರು ಹೋದರು, ಬಾಡಿಗೆಯ ಪಾತ್ರೆಗಳೂ ಹೋದವು, ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದ್ದೇನೆ, ಕಡಿಮೆ ಸಕ್ಕರೆ ಬೇಕಾದವರು ಈಗ ಈ ಮನೆಯಲ್ಲಿ ಯಾರೂ ಇಲ್ಲ. ಸೋನಾಲಿ, ಆ ಪಾನಾ ತಗಿ, ಇವತ್ತೇ ಹೋಗಿ ಅವನ ಮಾರಿಗಿ ಒಗದು ಬರೂಣು, ಸತ್ತವರು ಇಸಕೊಂಡ ಪರರ ವಸ್ತು ಮನ್ಯಾಗ ಉಳೀಬಾರದವಾ, ಅಂದರು ಅತ್ತೆ. ಪಾನಾ ಗೂಡಿನಲ್ಲಿದೆ, ಡೀಸೆಲ್ ಫಿಲ್ಟರ್ ಬಿಚ್ಚುವ ಪಟ್ಟಿಯ ಪಾನಾ, ಬೀದರಿನ ಮೆಕ್ಯಾನಿಕ್ ಹುಸೇನನ ಶೆಡ್ಡಿನಿಂದ ನನ್ನ ಗಂಡ ಶಿವಕಾಂತ ತಂದದ್ದು, ಗಾಡಿ ಎರಡು ದಿನದಿಂದ ಎಳೀವಲ್ದು ಸೋನಿ, ಡೀಸೆಲ್‌ನಾಗ ನೀರು ಇರಬೇಕು, ನಾನೇ ಬಿಚ್ಚಿ ನೋಡ್ತೇನಿ ಅಂದಿದ್ದರು ಫೋನಿನಲ್ಲಿ, ಆ ವಾರ ನಾನು ಭಾಲ್ಕಿಯಲ್ಲಿ ತವರಿನಲ್ಲಿದ್ದೆ, ಮರುದಿನ ಬೆಳಿಗ್ಗೆ ಮತ್ತೆ ಫೋನು, ಎದಿ ಉರೀಲತ್ತದ, ಗ್ಯಾಸ್ ಇರಬೇಕು, ಬೀದರಿಗಿ ತೋರಿಸ್ಕೊಂಡು ಬರ್ತೇನಿ, ಆಮೇಲೆ ಜನವಾಡದ ಆಚೆ, ಬೀದರ ಏರಿನಲ್ಲಿ, ಕೊನೆಯ ಫೋನು — ಸೋನಿ, ಎಷ್ಟು ತುಳಿದ್ರೂ ಏರವಲ್ದು, ಹಿಂದ ಬರೇ ಕರಿ ಹೊಗಿ — ಆಮೇಲೆ ಮಾತಿಲ್ಲ, ಹಾರ್ನುಗಳು, ಬರೀ ಹಾರ್ನುಗಳು, ನಾನು ಹಲೋ ಹಲೋ ಅನ್ನುತ್ತಲೇ ಇದ್ದೆ. ಸ್ವಲ್ಪ ಮೊದಲೇ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು.

ಅತ್ತೆ ಜಳಕಕ್ಕೆ ಹೋದರು, ಅವರು ಬರುವುದರೊಳಗೆ ನನಗೆ ಗೊತ್ತಾಗಬೇಕು, ಗಾಡಿ ಯಾಕೆ ಎಳೆಯಲಿಲ್ಲ, ಗೊತ್ತಾಗಬಾರದು ಅಂತಲೂ ಅನ್ನಿಸುತ್ತದೆ, ಮಣ್ಣು ಮಾಡಿ ಬಂದ ದಿನವೇ ಅಂಗಳದಲ್ಲಿ ಮಾತು ಎದ್ದಿತ್ತು, ಹೋದ ತಿಂಗಳು ಗಾಡಿ ಬಿಚ್ಚಿದವ ಹುಸೇನ, ಅವನೇ ಏನೋ ಕೆಡಿಸ್ಯಾನ, ಅವನ ಶೆಡ್ಡು ಬಂದ್ ಮಾಡಸ್ತೇನಿ ಅಂದರು ಶಿವಕಾಂತರ ಕಾಕಾ, ಗಾಡಿ ಕೆಡಿಸಿದವರ ಕೈ ಸೇದಿ ಹೋಗಲಿ ಅಂತ ಅತ್ತೆ ನೆಲಕ್ಕೆ ಅಂಗೈ ಬಡಿದರು, ನಾನು ಅವರ ಅಂಗೈಗೆ ಹತ್ತಿದ ಮಣ್ಣು ನೋಡುತ್ತಿದ್ದೆ. ತೊಗರಿ ಚೀಲಗಳ ಪಕ್ಕ ಬಿಳಿ ಗಾಡಿ ನಿಂತಿದೆ, ಅವರ ಕಾಲಿಗೆ ತಕ್ಕಂತೆ ಸೀಟು ಹಿಂದಕ್ಕಿದೆ, ಮುಂದಕ್ಕೆ ಎಳೆದುಕೊಂಡೆ, ಎಳೆಯುವಾಗ ಬಂದ ಸದ್ದಿಗೆ ಯಾರೋ ಎದ್ದುಹೋದಂತಾಯಿತು, ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಶುರುವಾಗುತ್ತದೆ, ನಿಂತಲ್ಲೇ ಸರಿಯಾಗಿದೆ, ತುಳಿದರೆ ಮಾತ್ರ ಕಂಬಳಿ ಹೊದ್ದವರು ಕೂಗಿದಂತೆ ಸದ್ದು, ಹಿಂದೆ ಕರಿ ಹೊಗೆ. ಒಂದೊಂದಾಗಿ ನೋಡು, ಊಹೆ ಮಾಡಬೇಡ, ಕಲಬುರಗಿಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡುವಾಗ ಕಲಿತದ್ದು ಇದೊಂದೇ ಈಗ ನೆನಪಿದೆ. ಬ್ರೇಕ್ ಹಿಡಿದಿದೆಯೇ, ಇಲ್ಲ, ಗೇರು ತೆಗೆದು ಭುಜ ಕೊಟ್ಟರೆ ಉರುಳುತ್ತದೆ, ಕ್ಲಚ್ ಜಾರುತ್ತದೆಯೇ, ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಗಾಡಿ ಕುಲುಕಿ ಬಂದ್ ಆಯಿತು, ಅಂದರೆ ಕ್ಲಚ್ ಸರಿ, ಆಮೇಲೆ ಪಾನಾ, ಅವರು ಹಿಡಿಯಬೇಕಾಗಿದ್ದ ಪಾನಾ, ಫಿಲ್ಟರ್ ಬಿಚ್ಚಿ ಡೀಸೆಲನ್ನು ಉಪ್ಪಿನಕಾಯಿಯ ಗಾಜಿನ ಭರಣಿಗೆ ಸುರಿದೆ, ಕಾದೆ, ನೀರಿದ್ದರೆ ತಳಕ್ಕೆ ಇಳಿಯಬೇಕು, ಇಳಿಯಲಿಲ್ಲ, ತಳದವರೆಗೂ ಒಂದೇ ಬಣ್ಣ — ನೀರಿಲ್ಲ ರೀ, ನಿಮ್ಮ ಲೆಕ್ಕ ತಪ್ಪು ಅಂತ ಬಾಯಿಗೆ ಬಂತು, ಯಾರಿಗೆ ಹೇಳಲಿ. ಕರಿ ಹೊಗೆ ಅಂದರೆ ಎಣ್ಣೆ ಬರುತ್ತಿದೆ, ಗಾಳಿ ಬರುತ್ತಿಲ್ಲ, ಫಿಲ್ಟರ್ ಮತ್ತೆ ಕೂಡಿಸಿದೆ, ಎಂಜಿನ್ನಿನ ಗಾಳಿ ಡಬ್ಬಿಗೆ ಹೋಗುವ ಕರಿ ಪೈಪನ್ನು ಕಿತ್ತು ಬದಿಗಿಟ್ಟು ಮತ್ತೆ ಶುರು ಮಾಡಿ ತುಳಿದೆ, ಗಾಡಿ ಗರ್ಜಿಸಿತು, ಹೊಗೆಯೇ ಇಲ್ಲ, ಬಂದ್ ಮಾಡಿದೆ, ಪೈಪಿನ ಬಾಯಿ ನನ್ನ ಕಡೆಗೇ ನೋಡುತ್ತಿದೆ, ಹುಸೇನ ಬಿಟ್ಟ ಚಿಂದಿ ಇರಲಿ, ದೇವರೇ, ಹುಸೇನನದೇ ಇರಲಿ, ಇಲ್ಲ, ಹಾಗೂ ಬೇಡ, ಬೆರಳು ಹಾಕಿದರೆ ಮೆತ್ತಗೆ ತಾಗಿತು, ಎಳೆದೆ, ಬಿಗಿಯಾಗಿ ಬಂತು, ಮಸಿ ಹಿಡಿದ ಬಟ್ಟೆಯ ಉಂಡೆ, ಬಿಚ್ಚಿದರೆ ಬೇವಿನೆಣ್ಣೆಯ ಕಮಟು, ಒಂದು ಕೊನೆಗೆ ಹಸಿರು ಅಂಚು. ಅವ್ವ ಗಾಡಿಯೊಳಗೂ ಇಲಿ ಹುಡುಕಲತ್ತಾಳ ಸೋನಿ, ಬಾನೆಟ್ ತೆಗೆದಿಟ್ರ ಸಾಕು ಬಂದು ಇಣುಕತಾಳ, ಎಂದು ಅವರು ನಕ್ಕದ್ದು ಈಗ ಕೇಳಿಸಿತು, ಯಾವ ತೂತನ್ನೂ ಬಿಡುವವರಲ್ಲ ಅತ್ತೆ, ಗಾಡಿಯೂ ಉಸಿರಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಮಗನ ಗಾಡಿಯ ವೈರು ಇಲಿ ಕಡಿಯದಿರಲಿ ಎಂದು ಬೆರಳಿನಿಂದ ಒತ್ತಿ ಒತ್ತಿ ತುರುಕಿದ್ದಾರೆ. ಸೋನಾಲಿ, ಎಲ್ಲಿದ್ದಿ. ಇಲ್ಲೇ ಇದ್ದೇನಿ ಅತ್ತಿ. ಪೈಪನ್ನು ಮತ್ತೆ ಸಿಕ್ಕಿಸಿ, ಉಂಡೆಯನ್ನು ಕೈಚೀಲದ ತಳಕ್ಕೆ ಹಾಕಿ ಮೇಲೆ ಪಾನಾ ಇಟ್ಟೆ.

ಬಸ್ಸಿಗೆ ಹೋಗೋಣ ಎಂದೆ, ಬ್ಯಾಡ, ಇದೇ ಗಾಡಿ ತಗಿ, ಅವನ ಕಣ್ಣಮುಂದ ನಿಲ್ಲಸ್ತೇನಿ ಎಂದು ಪಕ್ಕದಲ್ಲಿ ಬಂದು ಕೂತರು, ಮಂಜ್ರಾ ಸೇತುವೆಯ ಮೇಲೆ ಉಂಡೆಯನ್ನು ಹೊಳೆಗೆ ಎಸೆಯಬೇಕು ಅಂದುಕೊಂಡಿದ್ದೆ, ಚೀಲ ಅತ್ತೆಯ ತೊಡೆಯ ಮೇಲಿದೆ, ಅವರ ಎರಡೂ ಕೈ ಅದರ ಮೇಲಿವೆ, ಸೇತುವೆ ಹಿಂದೆ ಹೋಯಿತು, ಜನವಾಡ ಬಂತು, ಬಸ್ಸಿಗೆ ನಿಂತ ಜನ, ಕಬ್ಬು ಹೊತ್ತ ಟ್ರ್ಯಾಕ್ಟರು, ಆಮೇಲೆ ಏರು, ಗಾಡಿಯೇ ನಿಧಾನ ಹೋಗು, ಸ್ವಲ್ಪವಾದರೂ ಮುಕ್ಕರಿಸು, ಇಲ್ಲ, ಅದು ಸಲೀಸಾಗಿ ಏರುತ್ತಿದೆ, ಕಾಲು ಎತ್ತಿದರೂ ಏರುತ್ತಿದೆ, ಎಡಕ್ಕೆ ಜಾಲಿಮರ, ಅದರ ಕೆಳಗೇ ಅಂತೆ ಗಾಡಿ ನಿಂತಿದ್ದು, ನಾನು ಆ ಕಡೆ ನೋಡಲಿಲ್ಲ. ಈಗ ಹ್ಯಾಂಗ ಎಳೀಲತ್ತದ ಇದು. ಗೊತ್ತಿಲ್ಲ ಅತ್ತಿ. ನೀ ಏನು ಮಾಡಿದಿ. ಅವರ ಕಣ್ಣು ನನ್ನ ಕೆನ್ನೆಯ ಮೇಲಿದೆ, ಚೀಲದಿಂದ ಕಮಟು ಏಳುತ್ತಿದೆ, ಅವರ ಕೈಗೂ ಅದೇ ಕಮಟು, ಅದಕ್ಕೇ ಅವರಿಗೆ ತಿಳಿಯುತ್ತಿಲ್ಲ, ಎಷ್ಟು ಹೊತ್ತು ತಿಳಿಯದೆ ಇರುತ್ತದೆ, ಒಂದು ದಿನ ಒಲೆಯ ಮುಂದೆ ಕೂತಾಗ ಥಟ್ಟನೆ ತಾವೇ ತುರುಕಿದ್ದು ನೆನಪಾದರೆ, ಮನೆಯಲ್ಲಿ ಬಾವಿ ಇದೆ, ಫಿಲ್ಟರ್ ಬಿಚ್ಚಿ ನೋಡಿದೆ ಅತ್ತಿ, ಎಂದೆ, ಅಷ್ಟೇ ಎಂದೆ.

ಹುಸೇನ ನಮ್ಮನ್ನು ಕಂಡು ಎದ್ದು ನಿಂತ, ಹತ್ತಿರ ಬರಲಿಲ್ಲ, ಗಡ್ಡದಲ್ಲಿ ಗ್ರೀಸು, ಅಕ್ಕಾ, ಅಲ್ಲಾನ ಆಣಿ, ನಾ ಬ್ರೇಕ್ ಬಿಟ್ರ ಬ್ಯಾರೆ ಏನೂ ಮುಟ್ಟಿಲ್ರಿ, ಕಾಕಾ ಅವರು ಮತ್ತ ಫೋನ್ ಮಾಡಿದ್ರು. ಅತ್ತೆ ಗಾಡಿಯಿಂದ ಇಳಿಯಲಿಲ್ಲ, ಕಿಟಕಿ ಇಳಿಸಿದ್ದಾರೆ, ಕೇಳುತ್ತಿದ್ದಾರೆ, ನಾನು ಅವರ ತೊಡೆಯಿಂದ ಎತ್ತಿಕೊಂಡು ಬಂದ ಚೀಲಕ್ಕೆ, ಗಾಡಿಗೆ ಬೆನ್ನು ಮಾಡಿ, ಕೈ ಹಾಕಿ ಪಾನಾ ತೆಗೆದೆ, ಅದರ ಪಟ್ಟಿಗೆ ಸಿಕ್ಕಿಕೊಂಡು ಉಂಡೆಯೂ ಬಂತು. ಹುಸೇನ ಎರಡನ್ನೂ ಕೈಯಲ್ಲಿ ಹಿಡಿದ, ಮಸಿ ನೋಡಿದ, ಮೂಗಿನ ಹತ್ತಿರ ತಂದ. ಅಣ್ಣ ಕರಿ ಹೊಗಿ ಅಂದಿದ್ರು, ಎಂದ, ಮೆಲ್ಲಗೆ, ಕರಿ ಹೊಗಿ ಅಂದ್ರ ಇದು — ನಾನು ಗಟ್ಟಿಯಾಗಿ ಹೇಳಿದೆ, ನನ್ನದಲ್ಲದ ದನಿ, ಡೀಸೆಲ್‌ನಾಗ ನೀರು ಇತ್ತು ಹುಸೇನಭಾಯಿ, ಅವರು ಅಂದಿದ್ದೇ ಖರೆ, ನಾ ಬಿಚ್ಚಿ ಚೆಲ್ಲೇನಿ, ನಿಮ್ಮದೇನೂ ತಪ್ಪಿಲ್ಲ. ಅವನು ನನ್ನ ಹೆಗಲಾಚೆ, ಗಾಡಿಯಲ್ಲಿ ಕೂತ ಅತ್ತೆಯ ಕಡೆ ನೋಡಿದ, ಉಂಡೆಯನ್ನು ಮುಷ್ಟಿಯೊಳಗೆ ಸಣ್ಣದು ಮಾಡಿದ. ಹೌದ್ರಿ ಅಕ್ಕಾ, ನೀರೇ, ನೀರಿಗೇ ಹಂಗ ಆಗೋದು, ಎಂದ, ಅತ್ತೆಗೆ ಕೇಳುವಷ್ಟು. ಹುಸೇನ, ನಾ ನಿನಗ ಬೈದಿದ್ದೆನಪ್ಪ, ಮನಸಿನ್ಯಾಗ ಇಟ್ಕೋಬ್ಯಾಡ, ಎಂದರು ಅತ್ತೆ ಕಿಟಕಿಯಿಂದ, ಹಂಗಾರ ನೀರು ಕಲಸಿದವರ ಕೈ ಸೇದಿ ಹೋಗಲಿ, ಯಾರರೆ ಇರಲಿ, ನನ್ನ ಮಗನ ಗಾಡಿ ಕೆಡಿಸಿದವರ ಕೈ — ಅನ್ನುತ್ತ ಸೊಂಟದಿಂದ ಬಟ್ಟೆಯ ತುಂಡೊಂದನ್ನು ತೆಗೆದು, ಮಗ ದಿನಾ ಒರೆಸುತ್ತಿದ್ದ ಮುಂದಿನ ಗಾಜನ್ನು ಒಳಗಿನಿಂದ ಒರೆಸತೊಡಗಿದರು, ಬೆಳಿಗ್ಗೆ ಹರಿದ ಸೀರೆ, ಉಂಡೆಯದೂ ಅದೇ ಸೀರೆ, ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೇನೆ, ಕೈ ಖಾಲಿ ಇದೆ, ಗಾಜಿನ ಹಿಂದೆ ಅವರ ಕೈ, ಕೈಯಲ್ಲಿ ಹಸಿರು ಅಂಚು, ಆ ಕಡೆ ಹೋಗುತ್ತದೆ, ಈ ಕಡೆ ಬರುತ್ತದೆ, ಹಸಿರು ಅಂಚು, ಆ ಕಡೆ, ಈ ಕಡೆ, ಹಸಿರು ಅಂಚು