ಮೊದಲು ಯಾವ ಎಲೆ

ಸಾಸಿವೆ ಗಿಡ ಮಣ್ಣಿನಿಂದ ಹೀರಿದ ಗಂಧಕವನ್ನು ತನಗೆ ಒಗ್ಗಿಸಿಕೊಳ್ಳಲು ಎಲೆಯೊಳಗೆ ಒಂದು ಕಿಣ್ವ ದುಡಿಯುತ್ತದೆ. ಎಳೆಯ ಎಲೆಯಲ್ಲಿ ಅದು ಬಲು ಚುರುಕು. ಎಲೆ ಬಲಿತಂತೆ ಮಂದ. ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ಹೇಳುತ್ತಿದ್ದುದು ಇಷ್ಟೇ. ಎಳೆಯದರಿಂದ ಬಲಿತದ್ದರವರೆಗೆ ಎಂಟು ಎಲೆಗಳಲ್ಲಿ ಆ ಚುರುಕನ್ನು ಅಳೆದು ನಕ್ಷೆಯಲ್ಲಿ ನಾನು ಎಳೆದ ಗೆರೆ ಜಾರುಬಂಡೆಯಂತೆ ನುಣ್ಣಗೆ ಇಳಿದಿತ್ತು. ಎರಡು ವರ್ಷದ ದುಡಿಮೆ. ಸೋಮವಾರ ಗೈಡ್ ಕೈಗೆ ಕೊಡಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಅಳತೆಯ ಕೊನೆಯ ಸುತ್ತು. ಗಾಜಿನ ಸಾಮಾನು ತೊಳೆಯುವ ಅಕ್ಕ ಬಂದು ಪಕ್ಕದಲ್ಲಿ ನಿಂತಳು.

"ಏನೇ ಮೌನಗೌರಿ, ಯಾವಾಗ್ಲೂ ಚಿಕ್ಕದನ್ನೇ ಮೊದಲು ಕೀಳ್ತೀಯಲ್ಲ. ದೊಡ್ಡೋರಿಗೆ ಮರ್ಯಾದೆ ಬೇಡ್ವಾ?"

"ಎಳೇದು ಬೇಗ ಬಾಡುತ್ತೆ ಅಕ್ಕಾ."

"ದೊಡ್ಡದರ ಸರದಿ ಬರೋ ಹೊತ್ತಿಗೆ ನಾನು ಮನೆಗೆ ಹೊರಟಿರ್ತೀನಿ. ಬೆಳಿಗ್ಗೆ ನಾನು ಹೇಗಿರ್ತೀನಿ, ಸಾಯಂಕಾಲ ಹೇಗಿರ್ತೀನಿ ನೋಡಿದ್ದೀಯಲ್ಲ. ಎಲೆಗೂ ಸುಸ್ತಾಗಲ್ವಾ?"

ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಕಿತ್ತ ಎಲೆಯನ್ನು ಕೂಡಿಡದೆ ಆಗಲೇ ಅರೆದು ಅಳೆಯಬೇಕೆಂಬುದು ನಮ್ಮ ಪ್ರಯೋಗಾಲಯದ ವಾಡಿಕೆ. ಒಂದೊಂದಕ್ಕೆ ಒಂದು ಗಂಟೆ. ಅತಿ ಎಳೆಯದು ಒಂಬತ್ತಕ್ಕೆ, ಅತಿ ಬಲಿತದ್ದು ಸಂಜೆಗೆ. ಈ ಕಿಣ್ವ ಬೆಳಕಿನೊಂದಿಗೆ ಏರಿ ಸಂಜೆಗೆ ಇಳಿಯುತ್ತದೆಂದು ಮೊದಲ ಅಧ್ಯಾಯದಲ್ಲಿ ನಾನೇ ಬರೆದಿದ್ದೆ. ಹಾಗಾದರೆ ನನ್ನ ಗೆರೆ ಎಲೆಯ ವಯಸ್ಸಿನದೋ, ಹಗಲಿನದೋ?

ಭಯಕ್ಕಿಂತ ತಿಳಿಯುವ ಆಸೆಯೇ ಮುಂದಿತ್ತು.

ಶನಿವಾರ ತಿರುಗಾಮುರುಗಾ ಮಾಡಿದೆ. ಒಂಬತ್ತಕ್ಕೆ ಅತಿ ಬಲಿತ ಎಲೆ. ಎಂದಿಗಿಂತ ಎರಡರಷ್ಟು ಅಂಕಿ ಬಂತು. ಅಧ್ಯಾಯ ಮುಳುಗಿತು ಎಂದುಕೊಂಡೆ. ಅರ್ಧ ದಿನದ ಕೆಲಸ ಮುಗಿದರೂ ಅಕ್ಕ ಹೊರಡಲಿಲ್ಲ. "ಬೆಂಕಿ ಹಚ್ಚಿದ್ದು ನಾನೇ ತಾನೇ, ನೋಡ್ಕೊಂಡೇ ಹೋಗ್ತೀನಿ," ಎಂದು ಸ್ಟೂಲ್ ಎಳೆದುಕೊಂಡಳು. ಸಂಜೆ ಅತಿ ಎಳೆಯ ಎಲೆಯನ್ನು ಅಳೆದೆ. ಅದರ ಎಂದಿನ ಬೆಳಗಿನ ಅಂಕಿಗಿಂತ ಕಡಿಮೆ; ಆದರೂ ಅಂದು ಬೆಳಿಗ್ಗೆ ಬಲಿತದ್ದು ಕೊಟ್ಟ ಅಂಕಿಗಿಂತ ಹೆಚ್ಚು.

"ಗೆದ್ದೆಯೋ, ಸೋತೆಯೋ?"

"ಇಳಿಯೋದು ನಿಜ ಅಕ್ಕಾ. ನಾನು ಬರೆದಷ್ಟು ಇಳಿಯಲ್ಲ."

ಗೈಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಸೋಮವಾರ ಅಧ್ಯಾಯ ತರಬೇಡ," ಎಂದರು ಅವರು. "ಎಂಟೂ ಎಲೆ ಒಂದೇ ಹೊತ್ತಿಗೆ ಅರೆಯೋಕೆ ಎಷ್ಟು ಜನ ಬೇಕು?"

"ಎಂಟು ಜನ, ಸರ್."

"ನನ್ನನ್ನೂ ಸೇರಿಸ್ಕೊಂಡು ಎಣಿಸು."

ಅಕ್ಕ ಕೈ ಒರೆಸಿಕೊಂಡಳು. "ನನ್ನನ್ನೂ ಹಾಕ್ಕೋ. ಗ್ಲೌಸ್ ಮಾತ್ರ ನನ್ನ ಅಳತೆದು ಹುಡುಕು."