ಮತ್ತೆ ಮತ್ತೆ ಮಾರಿದ ಕುಂಬಳಕಾಯಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಐವತ್ತಾರನೇ ಇಸವಿಯ ಆ ಭಾನುವಾರ ಮಾತ್ರ ಅದು ನನ್ನ ಮಾನ ಕಳೆಯಿತು.

ಬೆಳಿಗ್ಗೆ ಚಿನ್ನದ ಗಣಿ ಊರಿನ ಆಂಡರ್ಸನ್‌ಪೇಟೆ ಸಂತೆಯಲ್ಲಿ ಜ್ಞಾನಮುತ್ತು ನನ್ನಿಂದ ಎಂಟಾಣೆಗೆ ಒಂದು ಕುಂಬಳಕಾಯಿ ಕೊಂಡಿದ್ದ. ಅವನು ಗಣಿಯೊಳಗೆ ಬಂಡೆ ಕುಸಿಯದ ಹಾಗೆ ಮರದ ಆಸರೆ ಕೊಡುವ ಕೆಲಸದವನು. ಮಧ್ಯಾಹ್ನ ಎತ್ತಿನಗಾಡಿಯಲ್ಲಿ ಊರಿಗೆ ಹೊರಟ ನಾನು ಚಾಂಪಿಯನ್ ರೀಫ್ಸ್ ಗಣಿಯ ಹಳೇ ಚರ್ಚಿನ ಮುಂದೆ ಗುಂಪು ಕಂಡು ಗಾಡಿ ನಿಲ್ಲಿಸಿ ಇಣುಕಿದೆ. ಸುಗ್ಗಿ ಹಬ್ಬದ ಏಲಂ ನಡೆಯುತ್ತಿತ್ತು. ಮೇಜಿನ ಮೇಲೆ ನನ್ನದೇ ಕಾಯಿ, ಕೂಗುತ್ತಿದ್ದವನು ಜ್ಞಾನಮುತ್ತು!

ಒಬ್ಬ ಮೂರು ರೂಪಾಯಿಗೆ ಕೂಗಿದ, ದುಡ್ಡಿಟ್ಟ, ಕಾಯನ್ನು ಅಲ್ಲೇ ಬಿಟ್ಟು ಹೋದ. ಮತ್ತೆ ಅದಕ್ಕೇ ಏಲಂ. ಹತ್ತು ಸಲ ಹೀಗೇ ಆಯಿತು. ನೀರು ಹೊತ್ತು ಬೆಳೆಸಿದವನು ನಾನು, ನನಗೆ ಎಂಟಾಣೆ! ಹೊಟ್ಟೆ ಉರಿದುಹೋಯಿತು.

"ನಾಕ್ ರೂಪಾಯಿ!" ಎಂದು ಅರಚಿದೆ.

ಅಂದಿನ ವ್ಯಾಪಾರದ ದುಡ್ಡೆಲ್ಲ ಸುರಿದು, ಕಾಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟೆ. ಜನ ಮುಖಮುಖ ನೋಡಿಕೊಂಡು ದಾರಿ ಬಿಟ್ಟರು. ಯಾರೂ ತಡೆಯಲಿಲ್ಲ.

ಗಾಡಿಯಲ್ಲಿದ್ದ ನನ್ನ ಹೆಂಡತಿ ಅನಸೂಯಮ್ಮ ಹಣೆ ಚಚ್ಚಿಕೊಂಡಳು. "ಏನ್ ಕೆಲ್ಸ ಮಾಡ್ಕೊಂಡ್ ಬಂದ್ಯಯ್ಯಾ! ಅದನ್ನ ಅಲ್ಲೇ ಬಿಟ್ ಬರ್ಬೇಕಂತೆ. ಗೋಡೆ ರಿಪೇರಿಗೆ ದುಡ್ಡು ಎತ್ತೋದೇ ಅಂಗಂತೆ. ಸೊಪ್ಪು ತಗಳಾಕ್ ಬಂದೋಳು ಈಗಷ್ಟೇ ಯೋಳಿದ್ಲು."

"ಯಾವ್ ಗೋಡೆ?"

"ಚರ್ಚಿಂದೇ, ಜ್ಞಾನಮುತ್ತು ತಮ್ಮಂದ್ರು ಇಬ್ರ ಎಸ್ರು ಕೆತ್ತಿರೋ ಗೋಡೆ. ಬಂಡೆ ಸಿಡಿದು ಗಣಿ ಒಳಗೇ ಉಳ್ಕಂಡ್ರಲ್ಲ, ಎಣಾನೂ ಸಿಗ್ನಿಲ್ಲ. ಆ ಎಸ್ರೇ ಅವ್ರ ಸಮಾಧಿ. ಮುಂದಿನ ಮಳೆಗಾಲದೊಳ್ಗೆ ರಿಪೇರಿ ಆಗ್ದಿದ್ರೆ ಕೆಡವ್ತಾರಂತೆ."

ನಾಚಿಕೆಯಿಂದ ಕಾಯನ್ನು ಹೆಗಲಿಂದ ಇಳಿಸಿದೆ. ಅಷ್ಟರಲ್ಲಿ ಕಾಲ ಕೆಳಗೆ ನೆಲ ಗುಡುಗಿತು. ಆಳದಲ್ಲಿ ಮತ್ತೆಲ್ಲೋ ಬಂಡೆ ಸಿಡಿದಿತ್ತು. ಎತ್ತುಗಳು ಬೆದರಿದವು. ಕಾಯಿ ಅಪ್ಪಿಕೊಂಡು ಚರ್ಚಿನತ್ತ ಓಡಿದೆ.

ಅಂಗಳದ ತುಂಬ ಜನ, ಒಂದು ಸದ್ದಿಲ್ಲ. ಜ್ಞಾನಮುತ್ತು ಬಿರುಕು ಬಿಟ್ಟ ಗೋಡೆಗೆ ಕಿವಿಯಿಟ್ಟು, ಕಬ್ಬಿಣದ ಸರಳಿನಿಂದ ಒಂದೊಂದೇ ಕಲ್ಲು ತಟ್ಟುತ್ತಿದ್ದ. ಗಣಿಯೊಳಗೆ ತಲೆಯ ಮೇಲಿನ ಬಂಡೆಯನ್ನು ಹೀಗೇ ಪರೀಕ್ಷಿಸುತ್ತಾರೆ. ಠಣ್ ಅಂದರೆ ಗಟ್ಟಿ, ದೊಬ್ ಅಂದರೆ ಓಡಬೇಕು. ಇನ್ನೂರು ಗಣಿ ಆಳುಗಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಮನುಷ್ಯರು ಕಲ್ಲಿನ ಮಾತಿಗೆ ಹೀಗೆ ಕಿವಿಗೊಡುವುದನ್ನು ನಾನು ಯಾವ ದೇವಸ್ಥಾನದಲ್ಲೂ ಕಂಡಿರಲಿಲ್ಲ. ನನಗೆ ಗೊತ್ತಿಲ್ಲದೆಯೇ ತಲೆಯ ರುಮಾಲು ಕೈಗೆ ಬಂದಿತ್ತು.

ಆ ಎರಡು ಹೆಸರುಗಳ ಕೆಳಗೆ ತಟ್ಟಿದ. ಠಣ್.

"ನಿಂತದೆ," ಎಂದು ಜ್ಞಾನಮುತ್ತು ಹೆಸರುಗಳ ಮೇಲೆ ಅಂಗೈಯಿಟ್ಟ.

ನಾನು ಕಾಯನ್ನು ಮೇಜಿನ ಮೇಲಿಟ್ಟೆ. "ನನ್ ಯಾಕ್ ತಡೀಲಿಲ್ಲ?"

"ಕಾಸು ಕೊಟ್ಟು ನೀನೇ ತಗೊಂಡೆ ಅಣ್ಣಾ. ನಿಂದು," ಎಂದ. ಕಣ್ಣೊರೆಸಿಕೊಂಡು ಮತ್ತೆ ಕೂಗತೊಡಗಿದ. ಒಬ್ಬೊಬ್ಬರಾಗಿ ಬಂದು, ಗೋಡೆ ಮುಟ್ಟಿ, ಕೂಗಿ, ಕಾಯನ್ನು ಬಿಟ್ಟು ಹೋದರು. ರಾತ್ರಿ ಪಾಳಿಯವರು ಕೆಲಸಕ್ಕೆ ಇಳಿಯುವ ಮೊದಲು ಬಂದು ಕೂಗಿದರು. ನನ್ನ ಜೇಬು ಖಾಲಿ. ಕೈಕಟ್ಟಿ ನೋಡುತ್ತಾ ನಿಂತೆ.

ಹೊತ್ತು ಮುಳುಗುವಷ್ಟರಲ್ಲಿ ಗೋಡೆಗೆ ಬೇಕಾದಷ್ಟು ಕೂಡಿತ್ತು. ಕೊನೆಯ ಸಲ ಜ್ಞಾನಮುತ್ತುವೇ ಕೊಂಡು, ಕಾಯನ್ನು ತಂದು ನನ್ನ ಕೈಯಲ್ಲಿಟ್ಟ.

"ಬೀಜ ಎತ್ತಿಡು ಅಣ್ಣಾ," ಎಂದ. "ಮುಂದಿನ ವರ್ಷ ಛಾವಣಿ ರಿಪೇರಿ ಅದೆ."