ಕರೆಯದೆ ಬರುವವರು

ನಮ್ಮಲ್ಲಿ ಸ್ಲಾವಾಕ್ಕೆ, ಮನೆಯ ಸಂತನ ಹಬ್ಬಕ್ಕೆ, ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಹೋದ ವರ್ಷ ಬಂದವರು ಈ ವರ್ಷವೂ ಬರುತ್ತಾರೆ, ಅಷ್ಟೆ. ಕರೆದಿದ್ದರೆ ಬರಬೇಡಿ ಎನ್ನಬಹುದಿತ್ತು. ಕರೆಯದೆ ಬರುವ ನಲವತ್ತು ಜನಕ್ಕೆ ಏನೆಂದು ಹೇಳಲಿ?

ಗಂಡ ಮಿಲೋಯೆ ಗಾರೆ ಕೆಲಸಕ್ಕೆಂದು ಸ್ಲೊವೇನಿಯಾಕ್ಕೆ ಹೋಗಿ ಎಂಟು ತಿಂಗಳು. ಅತ್ತೆಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋಗಿ ಹತ್ತು ತಿಂಗಳು. ಏನು ಬೇಕಾದರೂ ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಂಬಿ ಬಡಿಯುತ್ತಾರೆ. ನೀರಿಗೆ, ಬಟ್ಟೆ ಬದಲಿಸಲಿಕ್ಕೆ, ಸುಮ್ಮನೆ ಬೇಜಾರಾದರೂ ಠಣ್ ಠಣ್ ಠಣ್. ನಾನು ಮನೆಯಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತು ಕಂಪನಿಯ ಅಂಗಿಗಳಿಗೆ ತೋಳು ಕೂಡಿಸುವವಳು. ಆ ಸದ್ದು ತಲೆಯೊಳಗೇ ಮನೆ ಮಾಡಿಬಿಟ್ಟಿದೆ. ಸಾಲದ್ದಕ್ಕೆ ಮಗಳಿಗೆ ಮೂರು ದಿನದಿಂದ ಜ್ವರ.

ಹಬ್ಬದ ಹಿಂದಿನ ದಿನ ಮಿಲೋಯೆ ಫೋನ್ ಮಾಡಿದ. "ದೊಡ್ಡದಾಗೇನೂ ಮಾಡ್ಬೇಡ ಗೊರ್ದಾನಾ. ಸೂಪು, ಸರ್ಮಾ, ಸುಟ್ಟ ಮಾಂಸ, ಎರಡು ತರದ ಕೇಕು. ಸಾಕು."

"ಸಾಕಾ? ಹಾಗಾದ್ರೆ ನೀನೇ ಬಂದು ಬಡಿಸು ಮಹರಾಯ," ಎಂದು ಫೋನ್ ಇಟ್ಟೆ.

ಸರ್ಮಾಕ್ಕೆಂದು ಹುಳಿ ಬಂದ ಎಲೆಕೋಸಿನ ಎಲೆ ಬಿಡಿಸಿ, ಕೈಮಾ ಇಟ್ಟು, ಮೂರು ಸುರುಳಿ ಸುತ್ತಿದೆ. ನಾಲ್ಕನೆಯದಕ್ಕೆ ಕೈ ಏಳಲಿಲ್ಲ. ಪಾತ್ರೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಬೆಳಿಗ್ಗೆ ಸಂತನ ಪಟದ ಮುಂದೆ ಮೇಣದಬತ್ತಿ ಹಚ್ಚಿದೆ. ಅದನ್ನು ಬಿಡಲು ಧೈರ್ಯ ಸಾಲಲಿಲ್ಲ. ಆಮೇಲೆ ಪರದೆ ಎಳೆದು ಬಾಗಿಲಿಗೆ ಚಿಲಕ ಹಾಕಿದೆ. ಮನೆಯವರೆಲ್ಲ ಆಸ್ಪತ್ರೆಗೆ ಹೋಗಿದ್ದಾರೆ ಅಂತ ಬಂದವರು ಅಂದುಕೊಳ್ಳಲಿ. ಸ್ಲಾವಾದ ದಿನ ಚಿಲಕ ಹಾಕಿದ ಮನೆಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ನಾಚಿಕೆಯಿಂದ ಮುಖ ಸುಟ್ಟಂತಾಯಿತು, ಆದರೂ ತೆಗೆಯಲಿಲ್ಲ.

ಮಧ್ಯಾಹ್ನ ಬೆಲ್ ಆಯಿತು. ಅತ್ತೆಯ ತಂಗಿ ದೆಸಾಂಕಾ, ಜೊತೆಗೆ ಆಕೆಯ ಗಂಡ.

"ಗೊರ್ದಾನಾ! ಬಾಗ್ಲು ತೆಗಿಯೇ! ಮೂರು ಮಹಡಿ ಹತ್ತಿ ಮಂಡಿ ಹೋಯ್ತು ನಂದು!"

"ಒಳಗೆ ಯಾರೂ ಇಲ್ಲ ಕಣೇ," ಎಂದ ಗಂಡ. "ಅಡುಗೆ ವಾಸ್ನೇನೇ ಇಲ್ವಲ್ಲ."

"ನಿಮಗೆ ಯಾವಾಗ್ಲೂ ಹೊಟ್ಟೇದೇ ಚಿಂತೆ. ಅಕ್ಕನಿಗೇನಾದ್ರೂ ಆಯ್ತೋ ಏನೋ!"

ತಂಗಿಯ ದನಿ ಕೇಳಿ ಅತ್ತೆಯ ಕಣ್ಣು ಅರಳಿತು. ಚಮಚ ಎತ್ತಿದರು. ನಾನು ಓಡಿಹೋಗಿ ಮಣಿಕಟ್ಟು ಹಿಡಿದುಕೊಂಡೆ.

"ಬೇಡ ಅತ್ತೆ," ಎಂದು ಪಿಸುಗುಟ್ಟಿದೆ. "ನಿಮ್ಮ ದಮ್ಮಯ್ಯ, ಇದೊಂದ್ಸಲ ಬೇಡ."

ಅವರು ಕೊಸರಾಡಿದರು. ನಾನು ಅದುಮಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಅದುಮಿದೆ, ಸುಳ್ಳು ಹೇಳುವುದಿಲ್ಲ. ಹತ್ತು ತಿಂಗಳ ಸಿಟ್ಟೆಲ್ಲ ಬೆರಳಿಗೆ ಬಂದಿತ್ತು. ಅತ್ತೆ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ. ಹೆದರಿಕೆಯಿತ್ತು. ಚಮಚ ಹೊದಿಕೆಯ ಮೇಲೆ ಬಿತ್ತು.

ಹೊರಗೆ ಇಬ್ಬರೂ ಮೆಟ್ಟಿಲಿಳಿಯುವ ಸದ್ದು. ಆಮೇಲೆ ಮನೆಯಲ್ಲಿ ಒಂದೂ ಸದ್ದಿಲ್ಲ. ಇಷ್ಟು ದಿನ ನಾನು ಬೇಡಿಕೊಂಡಿದ್ದ ಮೌನ ಇದೇ. ಅತ್ತೆಯ ಮಣಿಕಟ್ಟಿನ ಮೇಲೆ ನನ್ನ ನಾಲ್ಕು ಬೆರಳೂ ಕೆಂಪಗೆ ಮೂಡಿದ್ದವು.

ಚಮಚ ಎತ್ತಿಕೊಂಡು ಕಂಬಿಗೆ ಬಡಿದೆ. ಠಣ್ ಠಣ್ ಠಣ್.

ಮೆಟ್ಟಿಲ ಮೇಲೆ ಹೆಜ್ಜೆ ನಿಂತಿತು. "ಅಕ್ಕಾ? ಅಕ್ಕಾ, ನೀನೇನಾ?"

"ನಾನು ಚಿಕ್ಕಮ್ಮಾ!" ಎಂದು ಕಿರುಚಿದೆ. "ನಾನು! ನನ್ನ ಕೈಲಿ ಆಗ್ತಿಲ್ಲ!"

ಎದ್ದು ಹೋಗಿ ಚಿಲಕ ತೆಗೆಯಬೇಕಿತ್ತು. ಅವರು ಮತ್ತೆ ಬಾಗಿಲಿಗೆ ಬಂದು ಬಡಿಯುತ್ತಿದ್ದರೂ ನಾನು ಕಂಬಿ ಬಡಿಯುತ್ತಲೇ ಇದ್ದೆ.